ಎಳೆಬಿಸಿಲಿಗೆ ಕಾಯುವ ಪರಿಮಳ

ಆಶ್ಲೇಷ ಮಳೆ ಹಿಡಿದು ಎಂಟನೆಯ ದಿನ. ಹೆತ್ತೂರಿನ ನಮ್ಮ ಮನೆಯ ಅಂಗಳದಲ್ಲಿ ಹಿಂದಿನ ಬೇಸಿಗೆಯಲ್ಲಿ ನೆಟ್ಟಿದ್ದ ಕಡುಗೆಂಪು ಗುಲಾಬಿ ಮೊದಲ ಹೂ ಬಿಟ್ಟಿತ್ತು. ಕೊಡೆ ಹಿಡಿದೇ ಬಗ್ಗಿ ಮೂಗಿಟ್ಟೆ. ನೆನೆದ ಮಣ್ಣಿನ ವಾಸನೆ ಇತ್ತು, ಹಾಲುವಾಣದ ಕೊಳೆತ ಎಲೆಯ ವಾಸನೆ ಇತ್ತು. ಗುಲಾಬಿಯದು ಮಾತ್ರ ಇರಲಿಲ್ಲ. ಪರಿಮಳದ ಜಾತಿಯೇ ಬೇಕೆಂದು ಮೂರು ಕಡೆ ವಿಚಾರಿಸಿ ತಂದ ಗಿಡ ಅದು. ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ ಚಿಕ್ಕವ್ವ ತಲೆ ಎತ್ತದೆಯೇ ಅಂದಳು: “ಮಳೆ ಹಿಡ್ದಾಗ ಮೂಸಿದ್ರೆ ಏನ್ ಸಿಕ್ತದೆ? ಎಳೆಬಿಸ್ಲು ಬರ್ಲಿ, ತಡಿ.”

ಅವಳಿಗೆ ಅದು ಮನೆಮಾತು. ನನಗೆ ಅದು ಒಂದು ಪ್ರಶ್ನೆಯಾಗಿ ಉಳಿಯಿತು. ಹೂವು ಅರಳಿದೆ, ಬಣ್ಣ ಬಂದಿದೆ, ಎಸಳು ತುಂಬಿದೆ. ಹಾಗಿದ್ದರೆ ಪರಿಮಳ ಎಲ್ಲಿ ಹೋಯಿತು? ಅದು ಗಿಡದಲ್ಲಿ ಹುಟ್ಟಲೇ ಇಲ್ಲವೋ, ಹುಟ್ಟಿಯೂ ಹೊರಗೆ ಬರಲಿಲ್ಲವೋ, ಹೊರಗೆ ಬಂದರೂ ಮೂಗಿಗೆ ತಲುಪಲಿಲ್ಲವೋ?

ಮೊದಲು ಊರಿನ ವಿಷಯ. ಹೆತ್ತೂರು ಸಕಲೇಶಪುರ ತಾಲ್ಲೂಕಿನ ಹೋಬಳಿ, ಬಿಸಿಲೆ ಘಾಟಿಯ ಕಾಡಿಗೆ ಹತ್ತಿರ. ಅಲ್ಲಿನ ಮಂಕನಹಳ್ಳಿಯ ಏಣಿನ ಮೇಲೆ ಬಿದ್ದ ಮಳೆ ಎರಡು ಪಾಲಾಗುತ್ತದೆ: ಪಡುವಲಿಗೆ ಇಳಿದದ್ದು ಕುಮಾರಧಾರೆ ಸೇರಿ ಅರಬ್ಬಿ ಸಮುದ್ರಕ್ಕೆ, ಮೂಡಲಿಗೆ ಇಳಿದದ್ದು ಹೇಮಾವತಿ, ಕಾವೇರಿ ಹಿಡಿದು ಬಂಗಾಳ ಕೊಲ್ಲಿಗೆ. ವರ್ಷದ ಮಳೆ 2,000 ಮಿಲಿಮೀಟರ್ ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಗುಲಾಬಿಗೆ ಹೆಸರಾದ ಬೆಂಗಳೂರಿನಲ್ಲಿ ಇದರ ಅರ್ಧದಷ್ಟೂ ಬೀಳುವುದಿಲ್ಲ. ಹಾಗಾಗಿ ನಮ್ಮ ಅಂಗಳಗಳಲ್ಲಿ ಮಳೆಗಾಲದ ಹೂವೆಂದರೆ ಡೇರೆ. ಗುಲಾಬಿ ಎಂದರೆ ಹಿಂದಿನವರಿಗೆ ಪನ್ನೀರು ಗುಲಾಬಿಯೇ. ಒಂದು ಮನೆಯಿಂದ ಇನ್ನೊಂದು ಮನೆಗೆ ಕಡ್ಡಿಯಾಗಿ ಹೋಗಿ ಬೇರು ಬಿಡುತ್ತಿದ್ದ, ಎರಡು ದಿನಕ್ಕೆ ಉದುರುವ, ಆದರೆ ಮುಡಿದವರು ಒಳಗೆ ಬಂದರೆ ನಡುಮನೆಯೆಲ್ಲ ಘಮ್ಮೆನ್ನುತ್ತಿದ್ದ ಗಿಡ. ಒಂದು ಕಾಂಡದ ತುದಿಗೆ ಒಂದೇ ದೊಡ್ಡ ಮೊಗ್ಗು, ಸುರುಳಿ ಸುತ್ತಿದ ಎಸಳು, ವರ್ಷವಿಡೀ ಹೂವು ಎನ್ನುವ ಹೈಬ್ರಿಡ್ ಟೀ ನಮ್ಮಲ್ಲಿಗೆ ಬಂದದ್ದು ನರ್ಸರಿಗಳ ಕಾಲದಲ್ಲಿ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಬಂದವರ ಕೈಚೀಲದಲ್ಲಿ.

ಕಾಫಿ ಬೆಳೆಯುವ ಸೀಮೆಯಲ್ಲಿ ಈ ‘ಟೀ’ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಚೀನಾದ ತೋಟಗಳಲ್ಲಿ ಬಹಳ ಹಿಂದಿನಿಂದ ಬೆಳೆಸುತ್ತಿದ್ದ ಕೆಲವು ಗುಲಾಬಿಗಳು 1800ರ ಆಸುಪಾಸಿನಲ್ಲಿ ಹಡಗು ಹತ್ತಿ ಯುರೋಪ್ ಮುಟ್ಟಿದವು. ಕೆಲವು ಕಲ್ಕತ್ತಾದ ಸಸ್ಯೋದ್ಯಾನದಲ್ಲಿ ತಂಗಿ ಮುಂದೆ ಹೋದವು. ಫ್ರಾನ್ಸಿನಲ್ಲಿ ಅವಕ್ಕೆ ಬಂಗಾಳದ ಗುಲಾಬಿ ಎಂಬ ಹೆಸರೇ ಬಿತ್ತು. 1809ರಲ್ಲಿ ಇಂಗ್ಲೆಂಡಿಗೆ ಬಂದ ಒಂದು ತೆಳುಗೆಂಪು ಗುಲಾಬಿಯ ವಾಸನೆ ಆಗ ತಾನೇ ತೆರೆದ ಚಹಾ ಪೆಟ್ಟಿಗೆಯ ವಾಸನೆಯಂತಿದೆ ಎಂದು ಜನ ಹೇಳಿದರು. ಅದರ ವಂಶಕ್ಕೆ ಟೀ ಗುಲಾಬಿ ಎಂಬ ಹೆಸರು ಅಂಟಿತು. ಅವನ್ನು ಯುರೋಪಿನ ಗಟ್ಟಿಮುಟ್ಟಾದ ಗುಲಾಬಿಗಳ ಜೊತೆ ಕೂಡಿಸಿದಾಗ ಹುಟ್ಟಿದ್ದೇ ಹೈಬ್ರಿಡ್ ಟೀ. 1867ರಲ್ಲಿ ಲಿಯಾನ್ ನಗರದ ಗಿಯೊ ಎಂಬ ಬೆಳೆಗಾರ ಹೊರತಂದ ‘ಲಾ ಫ್ರಾನ್ಸ್’ ಈ ಪಂಗಡದ ಮೊದಲ ಹೂವು ಎಂದು ಲೆಕ್ಕ. ಬೆಳ್ಳಿಯ ಹೊಳಪಿನ ಗುಲಾಬಿ ಬಣ್ಣ, ಸುಮಾರು 60 ಎಸಳು, ಧಾರಾಳ ಪರಿಮಳ.

ಎರಡು ಖಂಡಗಳ ಗಿಡ ಕೂಡಿದಾಗ ಎರಡು ಬಗೆಯ ಪರಿಮಳವೂ ಕೂಡಿತು. ಯುರೋಪಿನ, ಪಶ್ಚಿಮ ಏಷ್ಯಾದ ಹಳೆಯ ಗುಲಾಬಿಗಳಲ್ಲಿ ಫಿನೈಲ್‌ಎಥನಾಲ್, ಜೆರಾನಿಯಾಲ್, ಸಿಟ್ರೊನೆಲಾಲ್ ಎಂಬ ವಸ್ತುಗಳು ಮುಖ್ಯ. ‘ಗುಲಾಬಿ ವಾಸನೆ’ ಎಂದು ನಮ್ಮ ಮೂಗು ಗುರುತಿಸುವುದರಲ್ಲಿ ಇವುಗಳ ಪಾಲಿದೆ. ಚೀನಾದ ಗುಲಾಬಿಗಳಲ್ಲಿ ಡೈಮೆಥಾಕ್ಸಿ ಟಾಲ್ವೀನ್ ಎಂಬ ಬೇರೆಯೇ ವಸ್ತು ಇದೆ. ಚಹಾ ಪೆಟ್ಟಿಗೆಯ ನೆನಪು ತರುವುದು ಅದು. ಅದನ್ನು ತಯಾರಿಸಲು ಎರಡು ಕಿಣ್ವಗಳು ಬೇಕು, ಒಂದೇ ಮೂಲದ ವಂಶವಾಹಿ ನಕಲಾಗಿ ಎರಡಾದದ್ದರಿಂದ ಚೀನಾದ ಗುಲಾಬಿಗೆ ಆ ಶಕ್ತಿ ಬಂತು ಎಂದು ಫ್ರೆಂಚ್ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಯುರೋಪಿನ ಗುಲಾಬಿಗೆ ಅದು ಇಲ್ಲ. ಇಂದಿನ ಹೈಬ್ರಿಡ್ ಟೀ ಹೂವನ್ನು ಹತ್ತಿರ ಹಿಡಿದು ಮೂಸಿದರೆ ಈ ಎರಡೂ ತವರುಗಳ ವಾಸನೆ ಸಿಗುತ್ತದೆ. ಯಾವುದು ಎಷ್ಟು ಎನ್ನುವುದು ತಳಿಯಿಂದ ತಳಿಗೆ ಬೇರೆ.

ಚೀನಾದ ಗುಲಾಬಿ ಇನ್ನೊಂದು ಬಳುವಳಿ ಕೊಟ್ಟಿತು. ಹಳೆಯ ಯುರೋಪಿನ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೊಂದೇ ಸಲ ಹೂ ಬಿಡುತ್ತಿದ್ದವು. ‘ಈಗ ಹೂ ಬೇಡ’ ಎಂದು ಗಿಡವನ್ನು ತಡೆಯುವ ಒಂದು ವಂಶವಾಹಿ ಅವುಗಳಲ್ಲಿದೆ, ಗಾಡಿಯ ಬ್ರೇಕಿನ ಹಾಗೆ. ಚೀನಾದ ಗುಲಾಬಿಯಲ್ಲಿ ಯಾವುದೋ ಕಾಲದಲ್ಲಿ ಆ ವಂಶವಾಹಿಯ ನಡುವೆ ಡಿಎನ್‌ಎಯ ಒಂದು ಅಲೆಮಾರಿ ತುಣುಕು ಬಂದು ಸಿಕ್ಕಿಕೊಂಡು ಬ್ರೇಕು ಕೆಟ್ಟಿತು. 2012ರಲ್ಲಿ ಪ್ರಕಟವಾದ ಸಂಶೋಧನೆ ಇದನ್ನು ಬಿಡಿಸಿಟ್ಟಿತು. ಅಂದಿನಿಂದ ಆ ವಂಶದ ಗಿಡದ ಪ್ರತಿ ಚಿಗುರಿನ ತುದಿಯೂ ಮೊಗ್ಗಾಗುತ್ತದೆ. ಹೆತ್ತೂರಿನ ಮಟ್ಟಿಗೆ ಇದರ ಅರ್ಥ ಏನೆಂದರೆ, ಹೂ ಬಿಡುವ ಕಾಲವನ್ನು ಆರಿಸುವ ಕೆಲಸ ಗಿಡದ್ದಲ್ಲ, ಕತ್ತರಿ ಹಿಡಿದವರದು. ಇದನ್ನು ನಾನು ತಡವಾಗಿ ಕಲಿತೆ.

ಪರಿಮಳ ಎಸಳಿನೊಳಗೆ ಹೇಗೆ ಹುಟ್ಟುತ್ತದೆ ಎನ್ನುವುದು ಗುಲಾಬಿ ವಿಜ್ಞಾನದಲ್ಲಿ ನನಗೆ ತುಂಬ ಇಷ್ಟವಾದ ಕತೆ. ನಿಂಬೆಹುಲ್ಲು, ತುಳಸಿ, ಪುದೀನ ಮೊದಲಾದ ಗಿಡಗಳು ಜೆರಾನಿಯಾಲ್‌ನ ಜಾತಿಯ ಸುವಾಸನೆಗಳನ್ನು ತಯಾರಿಸುವುದಕ್ಕೆ ಟರ್ಪೀನ್ ಸಿಂಥೇಸ್ ಎಂಬ ಕಿಣ್ವಗಳಿವೆ. ಗುಲಾಬಿಯೂ ಅದೇ ದಾರಿ ಹಿಡಿದಿರಬೇಕೆಂದು ಎಲ್ಲರೂ ಅಂದುಕೊಂಡಿದ್ದರು. ಫ್ರಾನ್ಸಿನ ಸಂಶೋಧಕರು ಎರಡು ಹೈಬ್ರಿಡ್ ಟೀ ಗಿಡಗಳನ್ನು ಪಕ್ಕಪಕ್ಕ ಇಟ್ಟರು: ಪರಿಮಳಕ್ಕೆ ಹೆಸರಾದ ‘ಪಾಪಾ ಮೆಯಾಂ’, ವಾಸನೆಯೇ ಇಲ್ಲದ ‘ರೂಜ್ ಮೆಯಾಂ’. ಎರಡರ ಎಸಳಿನಲ್ಲೂ ಯಾವ ವಂಶವಾಹಿ ಎಚ್ಚರವಾಗಿದೆ, ಯಾವುದು ಮಲಗಿದೆ ಎಂದು ಹೋಲಿಸಿದರು. ಸಿಕ್ಕಿದ್ದು ಟರ್ಪೀನ್ ಸಿಂಥೇಸ್ ಅಲ್ಲ, ನ್ಯುಡಿಕ್ಸ್ ಎಂಬ ಕುಟುಂಬದ ಕಿಣ್ವ. ಬ್ಯಾಕ್ಟೀರಿಯಾದಲ್ಲಿ ಈ ಕುಟುಂಬದ ಕಿಣ್ವಗಳಿಗೆ ಗೊತ್ತಿದ್ದ ಕೆಲಸ ಕಸ ಗುಡಿಸುವುದು; ಕೆಟ್ಟುಹೋದ ಡಿಎನ್‌ಎ ಬಿಡಿಭಾಗಗಳನ್ನು ಹಿಡಿದು ನಿರುಪದ್ರವಿ ಮಾಡುವುದು. ಗುಲಾಬಿ ಆ ಕಸಬರಿಕೆಯನ್ನೇ ಸುಗಂಧದ ಕೆಲಸಕ್ಕೆ ಹಚ್ಚಿತ್ತು. ಜೀವಕೋಶದೊಳಗಿನ ಒಂದು ಕಚ್ಚಾ ವಸ್ತುವಿನಿಂದ ಅದು ಫಾಸ್ಫೇಟಿನ ಒಂದು ತುಂಡನ್ನು ಕಿತ್ತು ಹಾಕುತ್ತದೆ, ಇನ್ನೊಂದು ಕಿಣ್ವ ಉಳಿದ ತುಂಡನ್ನು ಕೀಳುತ್ತದೆ, ಉಳಿಯುವುದು ಜೆರಾನಿಯಾಲ್. 2015ರ ಜುಲೈನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಬಂದಾಗ ಸಸ್ಯ ರಸಾಯನ ಓದಿದವರೆಲ್ಲ ಬೆರಗಾದರು. ಅದಕ್ಕೂ ಮುಂಚೆ 2002ರಲ್ಲಿ ಇಸ್ರೇಲಿನ ಹೀಬ್ರೂ ವಿಶ್ವವಿದ್ಯಾಲಯದವರು ‘ಫ್ರೇಗ್ರೆಂಟ್ ಕ್ಲೌಡ್’ ಎಂಬ ಘಮಘಮಿಸುವ ಕೆಂಪು ಗುಲಾಬಿಯನ್ನು ‘ಗೋಲ್ಡನ್ ಗೇಟ್’ ಎಂಬ ವಾಸನೆಯಿಲ್ಲದ ಹಳದಿ ಗುಲಾಬಿಯ ಜೊತೆ ಹೀಗೆಯೇ ಹೋಲಿಸಿ ಪರಿಮಳದ ಬೇರೆ ಕೆಲವು ಕಿಣ್ವಗಳನ್ನು ಹೆಕ್ಕಿದ್ದರು.

ರೂಜ್ ಮೆಯಾಂನಲ್ಲಿ ಆ ನ್ಯುಡಿಕ್ಸ್ ಕಿಣ್ವದ ವಂಶವಾಹಿ ಮೌನವಾಗಿದೆ. ಯಾರೂ ಪರಿಮಳವನ್ನು ಬೇಕೆಂದು ಕಿತ್ತೆಸೆಯಲಿಲ್ಲ. ಹೂದಾನಿಯಲ್ಲಿ ಹತ್ತು ದಿನ ಬಾಡದೆ ನಿಲ್ಲಬೇಕು, ಕಾಂಡ ನೆಟ್ಟಗಿರಬೇಕು, ಪೆಟ್ಟಿಗೆಯಲ್ಲಿ ವಿಮಾನ ಹತ್ತಿ ಹೋದರೂ ಎಸಳು ಕಂದಬಾರದು ಎಂದು ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಹೋದವರ ಪಟ್ಟಿಯಲ್ಲಿ ವಾಸನೆಗೆ ಜಾಗ ಇರಲಿಲ್ಲ. ಬೆಂಗಳೂರಿನ ಹೆಬ್ಬಾಳದ ಹೂವಿನ ಹರಾಜಿಗೆ ದೊಡ್ಡಬಳ್ಳಾಪುರ, ಹೊಸೂರು ಕಡೆಯ ಪಾಲಿಹೌಸ್‌ಗಳಿಂದ ಬರುವ ಕಟ್ಟುಗಳನ್ನು ಮೂಸಿದರೆ ಇದು ತಿಳಿಯುತ್ತದೆ. ಹೈಬ್ರಿಡ್ ಟೀ ಗುಲಾಬಿಗಳ ಜೀವಕೋಶದಲ್ಲಿ ಸಾಮಾನ್ಯವಾಗಿ ವರ್ಣತಂತುಗಳ ನಾಲ್ಕು ಪ್ರತಿಗಳು, ಒಟ್ಟು 28. ಯಾವ ಪ್ರತಿಯ ಯಾವ ಗುಣ ಮಗುವಿಗೆ ಬರುತ್ತದೆ ಎಂದು ಹೇಳುವುದು ಕಷ್ಟ. ಪರಿಮಳವಿರುವ ಎರಡು ಗಿಡಗಳ ಮಗು ಮೂಕವಾಗಿ ಹುಟ್ಟಬಹುದು. ಆದ್ದರಿಂದ ಒಮ್ಮೆ ಕೈಬಿಟ್ಟ ಪರಿಮಳವನ್ನು ಮತ್ತೆ ತರುವುದಕ್ಕೆ ಹತ್ತಾರು ವರ್ಷದ ಶ್ರಮ ಬೇಕು. ನಮ್ಮ ದೇಶದಲ್ಲಿ ಆ ಶ್ರಮ ಪಟ್ಟವರಿದ್ದಾರೆ ಎನ್ನುವುದು ನನಗೆ ಹೆಮ್ಮೆ. ಗೋಧಿಯ ತುಕ್ಕುರೋಗದ ಮೇಲೆ ಕೆಲಸ ಮಾಡಿದ, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದ ಬಿ. ಪಿ. ಪಾಲ್ ತಮ್ಮ ಬಿಡುವನ್ನೆಲ್ಲ ಗುಲಾಬಿಗೆ ಕೊಟ್ಟು ಹತ್ತಾರು ತಳಿ ಹುಟ್ಟಿಸಿದರು. ಕೊಡೈಕೆನಾಲಿನ ವೀರರಾಘವನ್ ದಂಪತಿ ಬೆಚ್ಚಗಿನ ಸೀಮೆಗೆ ಒಗ್ಗುವ ಗುಲಾಬಿಗಾಗಿ ನಮ್ಮ ದೇಶದ ಕಾಡುಗುಲಾಬಿಗಳನ್ನೇ ತಳಿ ಕೂಡಿಸಿದರು. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಒಂದು ಗುಲಾಬಿಯ ಹೆಸರೇ ‘ಅರ್ಕಾ ಪರಿಮಳ’.

ಸರಿ, ನನ್ನ ಗಿಡಕ್ಕೆ ಕಿಣ್ವ ಇತ್ತು. ಅದು ಪರಿಮಳದ ಜಾತಿಯೇ. ಆದರೂ ಆಶ್ಲೇಷದಲ್ಲಿ ಅದು ಮೂಕವಾದದ್ದೇಕೆ?

ಪುದೀನ ಎಲೆಯನ್ನು ಕಿವುಚಿದರೆ ವಾಸನೆ ಬರುತ್ತದೆ, ಏಕೆಂದರೆ ಅದರ ಎಣ್ಣೆ ಪುಟ್ಟ ಚೀಲಗಳಲ್ಲಿ ಕೂಡಿಟ್ಟಿರುತ್ತದೆ. ಗುಲಾಬಿಯ ಎಸಳಿಗೆ ಅಂಥ ಕಣಜ ಇಲ್ಲ. ಎಸಳಿನ ಮೇಲ್ಪದರದ ಕೋಶಗಳು ಪರಿಮಳವನ್ನು ಅಂದಂದೇ ತಯಾರಿಸಿ ಅಂದಂದೇ ಗಾಳಿಗೆ ಬಿಡುತ್ತವೆ. ಎಸಳಿನ ಒಳಮೈ ಮಖಮಲ್ಲಿನಂತೆ ಕಾಣುವುದು ಆ ಕೋಶಗಳು ಸಣ್ಣ ಶಂಕುಗಳಂತೆ ಉಬ್ಬಿರುವುದರಿಂದ; ಉಬ್ಬಿದಷ್ಟೂ ಗಾಳಿಗೆ ತೆರೆದ ಮೈ ಹೆಚ್ಚು. ತಯಾರಿಗೆ ಕಚ್ಚಾ ಮಾಲು ಎಲೆ ಮಾಡಿದ ಸಕ್ಕರೆ. ಎಂಟು ದಿನ ಮೋಡ ಮುಚ್ಚಿದರೆ ಸಕ್ಕರೆ ಕಡಿಮೆ. ಇನ್ನು ಎಸಳಿನಿಂದ ಅಣುಗಳು ಹಾರಿ ಹೋಗುವುದು ಬಿಸಿಯ ಲೆಕ್ಕ: ಈ ಬಗೆಯ ವಸ್ತುಗಳಿಗೆ ಉಷ್ಣತೆ 10 ಡಿಗ್ರಿ ಏರಿದರೆ ಆವಿಯಾಗುವ ಒತ್ತಡ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ನಮ್ಮಲ್ಲಿ ಜುಲೈ, ಆಗಸ್ಟಿನ ಹಗಲು ಇಪ್ಪತ್ತರ ಆಸುಪಾಸಿನಲ್ಲೇ ಕೂತಿರುತ್ತದೆ. ಡಿಸೆಂಬರಿನ ಹಗಲು ಬಿಸಿಲಿಗೆ ಮೈಯೊಡ್ಡಿದ ಎಸಳು ಅದಕ್ಕಿಂತ ಎಷ್ಟೋ ಬೆಚ್ಚಗೆ.

ಇದರ ಮೇಲೆ ನೀರು. ಫಿನೈಲ್‌ಎಥನಾಲ್ ನೀರಿಗೆ ಹತ್ತಿರದ ನೆಂಟ. ಒಂದು ಲೀಟರಿನಲ್ಲಿ ಸುಮಾರು 20 ಗ್ರಾಂ ಕರಗುತ್ತದೆ. ಪನ್ನೀರು ಇಳಿಸುವವರಿಗೆ ಇದು ಚೆನ್ನಾಗಿ ಗೊತ್ತು. ಹೂವನ್ನು ನೀರಿನಲ್ಲಿ ಕುದಿಸಿ ಆವಿ ಹಿಡಿದರೆ ಜೆರಾನಿಯಾಲ್, ಸಿಟ್ರೊನೆಲಾಲ್ ಎಣ್ಣೆಯಾಗಿ ಮೇಲೆ ತೇಲಿ ಅತ್ತರಾಗುತ್ತವೆ, ಫಿನೈಲ್‌ಎಥನಾಲ್‌ನ ಹೆಚ್ಚಿನ ಪಾಲು ಕೆಳಗಿನ ನೀರಿನಲ್ಲೇ ಉಳಿಯುತ್ತದೆ. ಮದುವೆಮನೆಯ ಬಾಗಿಲಲ್ಲಿ ಚಿಮುಕಿಸುವ ಪನ್ನೀರಿನ ತಂಪು ವಾಸನೆ ಅದರದು. ಎಸಳಿನ ಮೇಲೆ ಮಳೆ ನಿಂತಾಗಲೂ ನಡೆಯುವುದು ಇದೇ ಎಂದು ನನ್ನ ಲೆಕ್ಕ: ಗಾಳಿಗೆ ಹೋಗಬೇಕಾದದ್ದು ನೀರಿಗೆ ಇಳಿದು ಮಣ್ಣು ಸೇರುತ್ತದೆ.

ಮೂಗಿನ ಪಾಲೂ ಸ್ವಲ್ಪ ಇದೆ: ಎಲ್ಲ ವಸ್ತುಗಳನ್ನೂ ಅದು ಒಂದೇ ಅಳತೆಯಲ್ಲಿ ಹಿಡಿಯುವುದಿಲ್ಲ. ಬಲ್ಗೇರಿಯಾದ ಗುಲಾಬಿ ಎಣ್ಣೆಯಲ್ಲಿ ಡಮಾಸ್ಕಿನೋನ್ ಎಂಬ ವಸ್ತು ಇರುವುದು ಶೇಕಡಾ 0.14 ಮಾತ್ರ. ಆದರೆ ನೀರಿನಲ್ಲಿ ನೂರು ಕೋಟಿಗೆ 0.009 ಪಾಲು ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಫಿನೈಲ್‌ಎಥನಾಲ್ ಅದೇ ಅಳತೆಯಲ್ಲಿ 750 ಪಾಲು ಬೇಕು. ಆ ಎಣ್ಣೆಯ ಒಟ್ಟು ವಾಸನೆಯಲ್ಲಿ ಸುಮಾರು ಶೇಕಡಾ 70 ಈ ಚಿಟಿಕೆ ಡಮಾಸ್ಕಿನೋನ್‌ನಿಂದಲೇ ಎಂದು ಲೆಕ್ಕ ಹಾಕಿದ್ದಾರೆ. ಸಾರಿಗೆ ಇಂಗು ಹಾಕಿದ ಹಾಗೆ.

ಮಳೆಗಾಲ ಪರಿಮಳವನ್ನಷ್ಟೇ ತಿನ್ನುವುದಿಲ್ಲ, ಎಲೆಯನ್ನೂ ತಿನ್ನುತ್ತದೆ. ಗುಲಾಬಿಯ ಕಪ್ಪುಚುಕ್ಕೆ ರೋಗಕ್ಕೆ ಕಾರಣ ಡಿಪ್ಲೊಕಾರ್ಪಾನ್ ಎಂಬ ಶಿಲೀಂಧ್ರ. ಅದರ ಬೀಜಾಣು ಮೊಳೆತು ಎಲೆಯೊಳಗೆ ಇಳಿಯಲು ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿಯೇ ಇರಬೇಕು. 18ರಿಂದ 24 ಡಿಗ್ರಿ ಅದಕ್ಕೆ ಹಿತ. ಹೆತ್ತೂರಿನ ಜೂನ್, ಜುಲೈಯನ್ನು ಅಳತೆ ಕೊಟ್ಟು ಹೊಲಿಸಿದಂತಿದೆ. ಬೀಜಾಣು ಹಬ್ಬುವುದು ನೀರಿನ ಎರಚಲಿನಿಂದ. ಆದ್ದರಿಂದ ಸೂರಿನ ನೀರು ಬೀಳುವ ಸಾಲಿನಲ್ಲಿ ಗುಲಾಬಿ ನೆಡಬಾರದು. ನಮ್ಮ ಮೊದಲ ತಪ್ಪು ಅದೇ ಆಗಿತ್ತು. ಬಿದ್ದ ಚುಕ್ಕೆ ಎಲೆಗಳನ್ನು ಅಲ್ಲೇ ಕೊಳೆಯಲು ಬಿಡದೆ ಗುಡಿಸಿ ಸುಡಬೇಕು. ಕಾಫಿ ತೋಟದವರ ಮನೆಯಲ್ಲಿ ಮೈಲುತುತ್ತ, ಸುಣ್ಣ ಎರಡೂ ಇರುತ್ತವೆ. ಅವನ್ನು ಕಲಸಿದ ಬೋರ್ಡೊ ದ್ರಾವಣವನ್ನು ತೋಟಕ್ಕೆ ಹೊಡೆಯುವ ದಿನ ಅಂಗಳದ ಗುಲಾಬಿಗೂ ಒಂದು ಸುತ್ತು ಹೊಡೆದುಬಿಡುವುದು ರೂಢಿ. ಅದರಲ್ಲಿನ ತಾಮ್ರ ಈ ಶಿಲೀಂಧ್ರವನ್ನು ತಡೆಯುತ್ತದೆ, ನಿಜ. ಆದರೆ ತಂಪು ಹವೆಯಲ್ಲಿ ಎಲೆ ಬೇಗ ಆರದಿದ್ದರೆ ತಾಮ್ರವೇ ಗುಲಾಬಿ ಎಲೆಯನ್ನು ಸುಟ್ಟು ಕೆಂಪು ಕಲೆ ಎಬ್ಬಿಸುತ್ತದೆ. ಕಾಫಿ ಎಲೆಗೆ ಕೊಡುವ ಗಡುಸು ದ್ರಾವಣ ಗುಲಾಬಿಗೆ ಬೇಡ. ತೆಳುವಾಗಿ, ಮುಂಗಾರಿಗೆ ಮೊದಲು, ಬಿಸಿಲಿರುವ ಬೆಳಿಗ್ಗೆ.

ಮೊಗ್ಗಿಗೂ ಒಂದು ಕಾಟ ಇದೆ. ಎಸಳು ತೀರ ಹೆಚ್ಚಿರುವ ಮೊಗ್ಗು ಮಳೆಗೆ ನೆಂದು, ನಡುವೆ ಅರ್ಧ ಗಂಟೆ ಬಿಸಿಲು ಬಂದರೆ ಹೊರಗಿನ ಎಸಳುಗಳು ಅಂಟಿಕೊಂಡು ಚಿಪ್ಪಾಗುತ್ತವೆ. ಒಳಗಿನದು ಅರಳಲಾಗದೆ ಬೂಷ್ಟು ಹಿಡಿದು ಕೊಳೆಯುತ್ತದೆ. ಹೈಬ್ರಿಡ್ ಟೀಗಳಲ್ಲಿ ಮೊದಲನೆಯದಾದ ‘ಲಾ ಫ್ರಾನ್ಸ್’ಗೂ ಒದ್ದೆ ಹವೆಯಲ್ಲಿ ಇದೇ ದೂರು. ಹಾಗಾಗಿ ನಮ್ಮ ಕಡೆಗೆ ಎಸಳು ಮೂವತ್ತರ ಆಸುಪಾಸಿನಲ್ಲಿರುವ ತಳಿ ಒಳ್ಳೆಯದು. ಪರಿಮಳದ ಕಡುಗೆಂಪು ಬೇಕೆನ್ನುವವರಿಗೆ ಪಾಪಾ ಮೆಯಾಂ, ಮಿಸ್ಟರ್ ಲಿಂಕನ್, ಒಕ್ಲಹೋಮಾ ಎಂಬ ಮೂರು ಹೆಸರು ನರ್ಸರಿಯವರು ಹೇಳುತ್ತಾರೆ. ಮೂರೂ ಒಡಹುಟ್ಟಿದವು, ಅಪ್ಪ ಅಮ್ಮ ‘ಕ್ರೈಸ್ಲರ್ ಇಂಪೀರಿಯಲ್’ ಮತ್ತು ‘ಚಾರ್ಲ್ಸ್ ಮ್ಯಾಲರಿನ್’. ಪಾಪಾ ಮೆಯಾಂನ ಪರಿಮಳಕ್ಕೆ ಸಾಟಿ ಇಲ್ಲ, ಆದರೆ ರೋಗ ಬೇಗ ತಗಲುತ್ತದೆ. ಅಂಗಳದಲ್ಲಿ ಒಂದೇ ಗಿಡಕ್ಕೆ ಜಾಗವಿದ್ದರೆ ನಾನು ಮಿಸ್ಟರ್ ಲಿಂಕನ್ ನೆಡುತ್ತೇನೆ. ಬಿಳಿ ಎಸಳಿಗೆ ಕೆಂಪು ಅಂಚಿನ ‘ಡಬಲ್ ಡಿಲೈಟ್’ಗೂ ಒಳ್ಳೆಯ ವಾಸನೆ ಇದೆ, ಆದರೆ ಜನವರಿ, ಫೆಬ್ರವರಿಯಲ್ಲಿ ಹಗಲು ಒಣ, ರಾತ್ರಿ ಇಬ್ಬನಿ ಇರುವಾಗ ಅದಕ್ಕೆ ಬೂದಿ ರೋಗ ಬರುತ್ತದೆ.

ಸಸಿ ಕೊಳ್ಳುವಾಗ ಕಸಿಯ ಗಂಟನ್ನು ನೋಡಬೇಕು. ಹೈಬ್ರಿಡ್ ಟೀ ತನ್ನ ಬೇರಿನ ಮೇಲೆ ನಿಲ್ಲುವುದು ಅಪರೂಪ. ಗಟ್ಟಿ ಕಾಡುಜಾತಿಯ ಬೇರುಗಿಡಕ್ಕೆ ಒಂದೇ ಒಂದು ಕಣ್ಣನ್ನು ಕೂಡಿಸಿ ಕಸಿ ಕಟ್ಟಿರುತ್ತಾರೆ. ಗಂಟು ಮಣ್ಣಿನ ಮೇಲೆ ಎರಡು ಬೆರಳು ಎತ್ತರದಲ್ಲಿರಲಿ. ಹಿಮ ಬೀಳುವ ದೇಶದವರು ಅದನ್ನು ಹೂಳುತ್ತಾರೆ, ನಮ್ಮಲ್ಲಿ ಹೂಳಿದರೆ ಕೊಳೆಯುತ್ತದೆ. ಗಂಟಿನ ಕೆಳಗಿನಿಂದ ಬಂದ ಚಿಗುರನ್ನು ಬುಡದಿಂದಲೇ ಕಿತ್ತು ತೆಗೆಯಬೇಕು. ಹಿಂದೆ ಒಂದು ಗಿಡದಲ್ಲಿ ಹೀಗೆ ಬಂದ ಚಿಗುರು ಹುಲುಸಾಗಿದೆಯೆಂದು ಖುಷಿಪಟ್ಟು ಬಿಟ್ಟಿದ್ದೆವು. ಮೂರನೆಯ ವರ್ಷ ಗೊಂಚಲು ಗೊಂಚಲು ಪುಟ್ಟ ಬಿಳಿ ಹೂ ಬಂತು. ಕಸಿ ಯಾವತ್ತೋ ಸತ್ತಿತ್ತು, ನಾವು ಸಾಕಿದ್ದು ಬೇರುಗಿಡವನ್ನು.

ಮಣ್ಣಿನ ಕೆಲಸ ದೊಡ್ಡದಲ್ಲ. ಇಷ್ಟು ಮಳೆ ಬೀಳುವ ಕಡೆ ಸುಣ್ಣದ ಅಂಶ ಕೊಚ್ಚಿಹೋಗಿ ಮಣ್ಣು ಹುಳಿಯಾಗಿರುತ್ತದೆ; ತೋಟಕ್ಕೆ ಸುಣ್ಣ ಹಾಕುವುದು ಅದಕ್ಕೇ. ಗುಲಾಬಿಗೆ ಸ್ವಲ್ಪವೇ ಹುಳಿ ಸಾಕು, ಪಿಎಚ್ 6ರಿಂದ 6.5. ಒಂದೂವರೆ ಅಡಿ ಗುಂಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಮೂಳೆ ಪುಡಿ, ಒಂದು ಹಿಡಿ ಬೇವಿನ ಹಿಂಡಿ. ಹಸಿ ಗೊಬ್ಬರದ ಜೊತೆ ಗೊಣ್ಣೆಹುಳು ಬಂದು ಬೇರು ಕಡಿಯುತ್ತದೆ. ಮಡಿಯನ್ನು ಅಂಗಳಕ್ಕಿಂತ ಒಂದಡಿ ಏರಿಸಿ ನೀರು ನಿಲ್ಲದಂತೆ ಮಾಡಬೇಕು. ಮೂಡಲ ದಿಕ್ಕು ತೆರೆದಿರಬೇಕು, ಏಕೆಂದರೆ ಇಬ್ಬನಿ ಬೇಗ ಆರಿದರೆ ಶಿಲೀಂಧ್ರಕ್ಕೆ ಬೇಕಾದ ಏಳು ಗಂಟೆ ಸಿಗುವುದಿಲ್ಲ. ಬಿಸಿಲಿಗೆ ಅಡ್ಡವಾದ ಹಾಲುವಾಣವನ್ನು ಮರಗಸಿಯ ಸಮಯದಲ್ಲಿ ಆಳುಗಳಿಗೆ ಹೇಳಿ ಸವರಿಸಿದರಾಯಿತು.

ಇನ್ನು ಕತ್ತರಿ. ಬ್ರೇಕು ಕೆಟ್ಟ ಗಿಡ ಎಂದೆನಲ್ಲ. ಅದನ್ನು ಕತ್ತರಿಸಿದ ದಿನದಿಂದ ಹೊಸ ಚಿಗುರು ಬಂದು ಹೂವಾಗಲು ಆರರಿಂದ ಎಂಟು ವಾರ. ಚಿಕ್ಕವ್ವ ನಕ್ಷತ್ರದ ಲೆಕ್ಕದಲ್ಲಿ ಹೇಳುತ್ತಾಳೆ: ಚಿತ್ತೆ ಮಳೆ ಮುಗಿಯುವಾಗ ಸವರು. ಅಂದರೆ ಅಕ್ಟೋಬರಿನ ಮೂರನೆಯ ವಾರ. ಒಣಕಲು, ರೋಗದ ಕಡ್ಡಿ, ಒಳಮುಖವಾಗಿ ಬೆಳೆದ ಕಡ್ಡಿ ಎಲ್ಲ ತೆಗೆದು, ಪೆನ್ಸಿಲ್ ದಪ್ಪದ ನಾಲ್ಕೈದು ಕಾಂಡ ಉಳಿಸಿ, ಅವನ್ನು ಅರ್ಧಕ್ಕೆ, ಹೊರಮುಖದ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಿದರೆ ಡಿಸೆಂಬರಿನ ಮೊದಲ ಪಾದದಲ್ಲಿ ಹೂ. ಆಗ ಮಳೆ ನಿಂತಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಕಾಫಿ ಹಣ್ಣಾಗಿ ಕೊಯ್ಲು ನಡೆಯುತ್ತಿರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬರುವ ಮೊಗ್ಗುಗಳನ್ನು ನಾನೀಗ ಕಡಲೆ ಗಾತ್ರದಲ್ಲೇ ಚಿವುಟಿಬಿಡುತ್ತೇನೆ. ಮೊದಲು ಕೈ ಬರುತ್ತಿರಲಿಲ್ಲ. ಕೊಳೆಯುವುದಕ್ಕೆ ಹೋಗುವ ಸಕ್ಕರೆ ಕಾಂಡದಲ್ಲಿ ಉಳಿಯಲಿ ಎಂದು ಮನಸ್ಸು ಗಟ್ಟಿಮಾಡಿಕೊಂಡೆ.

ಮೊನ್ನೆಯ ಡಿಸೆಂಬರಿನಲ್ಲಿ ಅದೇ ಕಡುಗೆಂಪು ಗಿಡದಲ್ಲಿ ಏಳು ಹೂ ಒಟ್ಟಿಗೆ ಬಿಟ್ಟಿದ್ದವು. ಏಳು ಗಂಟೆಗೆ ಹೋಗಿ ಮೂಸಿದೆ. ಎಸಳಿನ ಮೇಲೆ ಇಬ್ಬನಿ, ಮೂಗು ತಾಗಿಸಿದರೆ ಮಾತ್ರ ಸಣ್ಣಗೆ ಸಿಗುವ ವಾಸನೆ. ಕಣಿವೆಯ ಮಂಜು ಏಳುತ್ತ ಏಳುತ್ತ ಒಂಬತ್ತಾಯಿತು. ಬಿಸಿಲು ಮೊದಲು ಹೆಂಚಿಗೆ, ಆಮೇಲೆ ಹುಲ್ಲಿನ ಬಣವೆಗೆ, ಆಮೇಲೆ ಮಡಿಗೆ ಬಂತು. ಚಿಕ್ಕವ್ವ ಅರ್ಧ ಅರಳಿದ ಒಂದನ್ನು ಕೊಯ್ದು ದೇವರಿಗೆಂದು ತಟ್ಟೆಯಲ್ಲಿಟ್ಟಳು, ಇನ್ನೊಂದನ್ನು ತುರುಬಿಗೆ ಸಿಕ್ಕಿಸಿಕೊಂಡಳು. ಒಂಬತ್ತೂವರೆಗೆ ನಾನು ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೆ, ಗಿಡ ನನ್ನಿಂದ ಹತ್ತು ಮಾರು ದೂರ. ಕಾಫಿಯ ಹಬೆಯನ್ನು ದಾಟಿ ಅದು ನನ್ನವರೆಗೂ ಬಂತು.